ಉದ್ದ ಗಡ್ಡದಿಂದ ಗಿರವಿ ಅಂಗಡಿಯವರೆಗೆ: 'ಲೊಂಬಾರ್ಡ್' ಪದದ ಕಥೆ

'ಲೊಂಬಾರ್ಡ್' ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ?

ನಮ್ಮಲ್ಲಿ ಬಹಳ ಜನಕ್ಕೆ ಬೈಕಿನ ಇನ್ಶೂರೆನ್ಸ್ ನೆನಪಾಗುತ್ತೆ. ವರ್ಷಕ್ಕೊಮ್ಮೆ ರಿನ್ಯೂವಲ್ ಮೆಸೇಜ್ ಬಂದಾಗ ಕಣ್ಣಿಗೆ ಬೀಳೋ ಹೆಸರು ಅದು. ಆನ್‌ಸೈಟ್ ಅಂತ ಕ್ಯಾಲಿಫೋರ್ನಿಯಾಗೆ ಹೋಗಿ ಬಂದವರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಲೊಂಬಾರ್ಡ್ ಸ್ಟ್ರೀಟ್ ನೆನಪಾಗಬಹುದು. ಗುಡ್ಡದ ಮೇಲಿಂದ ಎಂಟು ತಿರುವುಗಳಲ್ಲಿ ಹಾವಿನ ಥರ ಇಳಿಯೋ ಇಟ್ಟಿಗೆ ರಸ್ತೆ. ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದೆ ವಾಪಸ್ ಬಂದ ಟೆಕ್ಕಿ ಇದ್ದರೆ ಹೇಳಿ :) ಬ್ಯಾಂಕಿಂಗ್ ಓದಿದವರಿಗೆ ಲಂಡನ್ನಿನ ಲೊಂಬಾರ್ಡ್ ಸ್ಟ್ರೀಟ್ ಗೊತ್ತಿರುತ್ತೆ. ರಷ್ಯಾ, ಯುಕ್ರೇನ್ ಕಡೆ ಮೆಡಿಕಲ್ ಓದಿ ಬಂದವರನ್ನ ಕೇಳಿದರೆ 'ಅದಾ, ಗಿರವಿ ಅಂಗಡಿ' ಅಂತಾರೆ. ಸ್ಪೇನಿನಲ್ಲಿ ತರಕಾರಿ ಮಾರೋ ಅಜ್ಜಿಯನ್ನ ಕೇಳಿದರೆ ಕೆಂಪು ಎಲೆಕೋಸು ತೆಗೆದು ತಕ್ಕಡಿಗೆ ಹಾಕ್ತಾಳೆ!

ಇನ್ಶೂರೆನ್ಸು, ರಸ್ತೆ, ಗಿರವಿ ಅಂಗಡಿ, ಎಲೆಕೋಸು. ಇಷ್ಟಕ್ಕೂ ಮೂಲ ಒಂದೇ: ಇಟಲಿಯ ಉತ್ತರಕ್ಕಿರೋ ಲೊಂಬಾರ್ಡಿ ಪ್ರಾಂತ್ಯ. ಮಿಲಾನ್ ಇದರ ರಾಜಧಾನಿ, ಜನಸಂಖ್ಯೆ ಸುಮಾರು 1 ಕೋಟಿ. ಒಂದು ಪ್ರಾಂತ್ಯದ ಹೆಸರು ಇಷ್ಟೊಂದು ಕಡೆ ಇಷ್ಟೊಂದು ವೇಷ ಹಾಕಿದ್ದು ಹೇಗೆ ಅಂತ ಹುಡುಕುತ್ತಾ ಹೋದರೆ 1500 ವರ್ಷದಷ್ಟು ಹಿಂದಕ್ಕೆ ಹೋಗಬೇಕಾಗುತ್ತೆ. ಪುರುಸೊತ್ತಿದ್ದರೆ ಕಾಫಿ ತಗೊಂಡು ಬನ್ನಿ, ಸ್ವಲ್ಪ ಉದ್ದದ ಕಥೆ.

ಗಡ್ಡದ ಕಥೆ

ಲೊಂಬಾರ್ಡಿ ಅನ್ನೋ ಹೆಸರು ಆ ಮಣ್ಣಿನದಲ್ಲ, ಹೊರಗಿನಿಂದ ಬಂದವರದ್ದು. 'ಲಾಂಗೊಬಾರ್ಡಿ' ಅಂತ ಒಂದು ಜರ್ಮಾನಿಕ್ ಬುಡಕಟ್ಟು ಇತ್ತು. ಕ್ರಿ.ಶ. 98ರ ಸುಮಾರಿಗೆ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಇವರ ಬಗ್ಗೆ ಬರೆದಿದ್ದಾನೆ. ಸಂಖ್ಯೆಯಲ್ಲಿ ಕಡಿಮೆ, ಸುತ್ತ ಬಲಿಷ್ಠ ಶತ್ರುಗಳು, ಆದರೂ ಯಾರಿಗೂ ತಲೆಬಾಗದೆ ಕಾದಾಡಿಕೊಂಡೇ ಬದುಕಿದವರು ಅಂತ. ಆಗ ಅವರಿದ್ದದ್ದು ಈಗಿನ ಜರ್ಮನಿಯ ಎಲ್ಬೆ ನದಿಯ ಕೆಳಭಾಗದಲ್ಲಿ. ಇಟಲಿಗೂ ಅವರಿಗೂ ಏನೂ ಸಂಬಂಧ ಇರಲಿಲ್ಲ.

ಹೆಸರು ಹೇಗೆ ಬಂತು ಅನ್ನೋದಕ್ಕೆ ಒಂದು ಸೊಗಸಾದ ಕಥೆ ಇದೆ. ಹೇಳಿದವನು 8ನೇ ಶತಮಾನದ ಪೌಲ್ ಅನ್ನೋ ಸನ್ಯಾಸಿ. ಇವನೂ ಅದೇ ಕುಲದವನೇ. ಕಥೆ ಹೀಗಿದೆ. ಈ ಬುಡಕಟ್ಟಿನ ಮೊದಲ ಹೆಸರು ವಿನ್ನಿಲಿ. ಅವರಿಗೂ ವ್ಯಾಂಡಲ್ ಅನ್ನೋ ಇನ್ನೊಂದು ಬುಡಕಟ್ಟಿಗೂ ಯುದ್ಧ ಬಂತು. ವ್ಯಾಂಡಲರು ಗೊಡಾನ್ ದೇವರ (ನಾವು ಓಡಿನ್ ಅಂತ ಕೇಳಿರ್ತೀವಲ್ಲ, ಅವನೇ) ಹತ್ತಿರ ಹೋಗಿ ಗೆಲುವು ಕೊಡು ಅಂತ ಬೇಡಿದರು. ನಾಳೆ ಸೂರ್ಯ ಹುಟ್ಟುವಾಗ ಯಾರು ಮೊದಲು ನನ್ನ ಕಣ್ಣಿಗೆ ಬೀಳ್ತಾರೋ ಅವರಿಗೇ ಗೆಲುವು ಅಂದ ಅವನು. ಇತ್ತ ವಿನ್ನಿಲಿಗಳ ಹಿರಿಯಾಕೆ ಗಂಬಾರಾ ಜಾಣೆ, ಸೀದಾ ದೇವರ ಹೆಂಡತಿ ಹತ್ತಿರ ಹೋದಳು. ನಿಮ್ಮ ಹೆಂಗಸರೆಲ್ಲ ತಲೆಗೂದಲು ಬಿಚ್ಚಿ ಮುಖದ ಸುತ್ತ ಗಡ್ಡದ ಥರ ಇಳಿಬಿಟ್ಟುಕೊಂಡು, ಗಂಡಸರ ಜೊತೆ ಸೇರಿ ಪೂರ್ವದ ಕಿಟಕಿಗೆ ಕಾಣೋ ಹಾಗೆ ನಿಲ್ಲಲಿ ಅಂತ ದೇವಿ ಉಪಾಯ ಹೇಳಿಕೊಟ್ಟಳು. ಬೆಳಿಗ್ಗೆ ಎದ್ದ ಗೊಡಾನ್ ಕಿಟಕಿಯಲ್ಲಿ ನೋಡಿ, ಯಾರಪ್ಪ ಈ ಉದ್ದ ಗಡ್ಡದವರು ಅಂತ ಕೇಳಿದ. ಪಕ್ಕದಲ್ಲೇ ಇದ್ದ ಹೆಂಡತಿ ಬಿಡ್ತಾಳಾ? ಹೆಸರು ಇಟ್ಟಾಯ್ತಲ್ಲ, ಇನ್ನು ಗೆಲುವನ್ನೂ ಕೊಡಿ ಅಂದಳು. ಹಾಗೆ ಅವರು 'ಉದ್ದ ಗಡ್ಡದವರು', ಅಂದರೆ ಲಾಂಗೊಬಾರ್ಡಿ ಆದರು.

ಕಥೆ ಹೇಳಿ ಮುಗಿಸಿದ ಪೌಲನೇ ಇದನ್ನ ನಗೆಪಾಟಲಿನ ಕಥೆ ಅಂತ ತಳ್ಳಿಹಾಕ್ತಾನೆ. ಆದರೆ ಹೆಸರಿನ ಅರ್ಥ ಉದ್ದ ಗಡ್ಡ ಅನ್ನೋದನ್ನ ಅವನೂ ಒಪ್ಪುತ್ತಾನೆ. ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಒಂದು ವಿಷಯ: ಹೆಸರಿಟ್ಟವನು ದೂರದಿಂದ ನೋಡಿದವನು, ಅದೂ ಹೆಂಗಸರನ್ನ ಗಂಡಸರು ಅಂದುಕೊಂಡು ಇಟ್ಟಿದ್ದು! ಮುಂದೆ ಈ ಪದಕ್ಕೆ ಆಗಿದ್ದೆಲ್ಲ ಇದೇ ಥರ. ಅದನ್ನೇ ಈಗ ಹೇಳ್ತೀನಿ.

ಇಟಲಿಗೆ ಬಂದ ಗಡ್ಡ

568ರಲ್ಲಿ ಆಲ್ಬೊಯಿನ್ ಅನ್ನೋ ರಾಜನ ಹಿಂದೆ ಈ ಜನ ಈಗಿನ ಹಂಗೇರಿಯ ಕಡೆಯಿಂದ ಆಲ್ಪ್ಸ್ ದಾಟಿ ಇಟಲಿಗೆ ಇಳಿದರು. ಸೈನ್ಯ ಮಾತ್ರ ಅಲ್ಲ, ಹೆಂಡತಿ ಮಕ್ಕಳು, ಸಾಮಾನು ಸರಂಜಾಮು ಎಲ್ಲ ಕಟ್ಟಿಕೊಂಡು. ಮೂರು ವರ್ಷ ಮುತ್ತಿಗೆ ಹಾಕಿ 572ರಲ್ಲಿ ಪವಿಯಾ ಊರನ್ನ ಹಿಡಿದರು. ಮುಂದೆ ಅದೇ ರಾಜಧಾನಿಯಾಯ್ತು. ಇವರು ಆಳಿದ್ದು 200 ವರ್ಷಕ್ಕೂ ಮೇಲೆ.

ಮೊದಲು ಬಾಯಿಮಾತಿನಲ್ಲೇ ಇದ್ದ ಇವರ ಕಟ್ಟಳೆಗಳನ್ನ 643ರಲ್ಲಿ ರೊತಾರಿ ಅನ್ನೋ ರಾಜ ಲ್ಯಾಟಿನ್ನಿನಲ್ಲಿ ಬರೆಸಿದ. ಇದನ್ನ ಓದೋಕೆ ಮಜಾ. ರಕ್ತಕ್ಕೆ ರಕ್ತ ಅಂತ ಹೊಡೆದಾಡೋ ಬದಲು ದುಡ್ಡು ಕೊಟ್ಟು ಮುಗಿಸಿಕೊಳ್ಳಿ ಅನ್ನೋದು ಅದರ ಸಾರಾಂಶ. ಯಾವ ಅಂಗಕ್ಕೆ ಎಷ್ಟು ಅಂತ ಪಟ್ಟಿ ಇದೆ. ನಕ್ಕಾಗ ಕಾಣೋ ಹಲ್ಲು ಮುರಿದರೆ 16 ಚಿನ್ನದ ನಾಣ್ಯ, ದವಡೆ ಹಲ್ಲಾದರೆ 8. ಲೊಂಬಾರ್ಡ್ ಹೆಸರು ಇನ್ಶೂರೆನ್ಸ್ ಕಂಪನಿಗೆ ಸರಿಯಾಗೇ ಹೊಂದುತ್ತೆ ಅನ್ನಿಸಿದ್ದು ಇದನ್ನ ಓದಿದಾಗ :)

ಅವರು ಹಿಡಿದ ನೆಲಕ್ಕೆಲ್ಲ 'ಲಾಂಗೊಬಾರ್ಡಿಯಾ' ಅಂತ ಹೆಸರಾಯ್ತು. ರವೆನ್ನಾ ಸುತ್ತಮುತ್ತ ಪೂರ್ವ ರೋಮನ್ ಸಾಮ್ರಾಜ್ಯದ ಕೈಯಲ್ಲೇ ಉಳಿದ ನೆಲ 'ರೊಮಾನಿಯಾ', ಅಂದರೆ ರೋಮನರ ನಾಡು ಆಯ್ತು. ಇಟಲಿಯಲ್ಲಿ ಈಗಲೂ ಅದು ರೊಮಾನ್ಯಾ. ಅಕ್ಕಪಕ್ಕದ ಎರಡು ಹೆಸರುಗಳಲ್ಲಿ ಆ ಹಳೇ ಗಡಿ ಇವತ್ತಿಗೂ ಕಾಣುತ್ತೆ.

ಇಲ್ಲಿ ಒಂದು ತಮಾಷೆ ಇದೆ. ಲೊಂಬಾರ್ಡರು ಉತ್ತರದಲ್ಲಿ ಮಾತ್ರ ಇರಲಿಲ್ಲ. ದಕ್ಷಿಣದ ಬೆನೆವೆಂತೊ, ಸಲೆರ್ನೊಗಳಲ್ಲೂ ಅವರದೇ ಆಳ್ವಿಕೆ. ಉತ್ತರದ ರಾಜ್ಯ 774ರಲ್ಲಿ ಫ್ರಾಂಕರ ರಾಜ ಷಾರ್ಲಮೇನ್ ಕೈಗೆ ಹೋಯ್ತು. ದಕ್ಷಿಣದವರು ಅದಾದ ಮೇಲೂ 300 ವರ್ಷ ಉಳಿದುಕೊಂಡರು. 9ನೇ ಶತಮಾನದ ಕೊನೆಗೆ ಬೈಜಾಂಟಿಯಂನವರು ಬಾರಿ ಪಟ್ಟಣವನ್ನ ಕೇಂದ್ರ ಮಾಡಿಕೊಂಡು ದಕ್ಷಿಣ ಇಟಲಿಯಲ್ಲಿ ಒಂದು ಪ್ರಾಂತ್ಯ ಕಟ್ಟಿ ಅದಕ್ಕೆ ಲಾಂಗೊಬಾರ್ಡಿಯಾ ಅಂತಲೇ ಹೆಸರಿಟ್ಟರು. ಅಂದರೆ ಇಟಲಿಯ ಬೂಟಿನ ಹಿಮ್ಮಡಿಯ ಕಡೆಯೂ ಒಂದು ಕಾಲಕ್ಕೆ 'ಲೊಂಬಾರ್ಡಿ' ಇತ್ತು. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಅವರ ಜರ್ಮಾನಿಕ್ ಭಾಷೆ ಸತ್ತುಹೋಯ್ತು. ಪೂರ್ತಿ ಒಂದು ಪುಟದ ಬರಹವೂ ಉಳಿದಿಲ್ಲ, ಕಾನೂನಿನ ಪುಸ್ತಕದಲ್ಲಿ ಸಿಕ್ಕಿಹಾಕಿಕೊಂಡ ಕೆಲವು ಪದಗಳು, ಹೆಸರುಗಳು ಅಷ್ಟೇ. ಈಗ 'ಲೊಂಬಾರ್ಡ್ ಭಾಷೆ' ಅಂತ ಕರೆಯೋದು ಮಿಲಾನ್, ಬೆರ್ಗಾಮೊ ಕಡೆಯ ಮಾತನ್ನ. ಅದು ಲ್ಯಾಟಿನ್ ಮೂಲದ ಬೇರೆಯೇ ಭಾಷೆ. ಭಾಷೆಗಳಿಗೆ ಕೊಡೋ ಐಎಸ್ಒ ಕೋಡ್‌ನಲ್ಲೂ ಎರಡಕ್ಕೂ ಬೇರೆ ಬೇರೆ ನಂಬರ್ ಪ್ಲೇಟು: ಸತ್ತ ಭಾಷೆ 'ಎಲ್ಎನ್‌ಜಿ', ಬದುಕಿರೋದು 'ಎಲ್ಎಂಒ'. ಬದುಕಿರೋದಕ್ಕೂ ಆರೋಗ್ಯ ಸರಿಯಿಲ್ಲ, ಯುನೆಸ್ಕೋದ ಅಪಾಯದಲ್ಲಿರೋ ಭಾಷೆಗಳ ಪಟ್ಟಿಯಲ್ಲಿದೆ.

ಸಾಲ ಕೊಡೋರು

ಈಗ 13ನೇ ಶತಮಾನಕ್ಕೆ ಜಿಗಿಯೋಣ. ಬುಡಕಟ್ಟು ಕರಗಿ ಇಟಾಲಿಯನ್ನರಲ್ಲಿ ಒಂದಾಗಿ ಹೋಗಿತ್ತು. ಉತ್ತರ ಇಟಲಿಯ ಊರುಗಳಲ್ಲಿ ವ್ಯಾಪಾರ ಜೋರಾಗಿತ್ತು. ಅಲ್ಲಿಯ ವರ್ತಕರು ಫ್ರಾನ್ಸ್, ಇಂಗ್ಲೆಂಡ್, ಈಗಿನ ಬೆಲ್ಜಿಯಂ ಕಡೆ ಹೋಗಿ ಅಂಗಡಿ ತೆರೆದರು. ವ್ಯಾಪಾರದ ಜೊತೆಗೆ ಸಾಲ ಕೊಡೋದು, ಒಡವೆ ಪಾತ್ರೆ ಅಡ ಇಟ್ಟುಕೊಳ್ಳೋದು. 1226ರಲ್ಲಿ ನಮ್ಮೂರಿನವರು ಫ್ರಾನ್ಸಿನಲ್ಲಿ ಸಾಲದ ವ್ಯವಹಾರ ಶುರು ಮಾಡಿದರು ಅಂತ ಆಸ್ತಿ ಅನ್ನೋ ಊರಿನ ಹಳೇ ಚರಿತ್ರೆಯಲ್ಲಿ ದಾಖಲಾಗಿದೆ.

ಪ್ಯಾರಿಸ್ಸಿನ, ಲಂಡನ್ನಿನ ಜನಕ್ಕೆ ಇವರೆಲ್ಲ 'ಲೊಂಬಾರ್ಡರು'. ಆಸ್ತಿ ಇರೋದು ಈಗಿನ ಪಿಯೆಮೊಂಟೆ ಪ್ರಾಂತ್ಯದಲ್ಲಿ. ಪಿಯಾಚೆನ್ಜಾ ಇರೋದು ಎಮಿಲಿಯಾದಲ್ಲಿ. ಲುಕ್ಕಾ, ಫ್ಲಾರೆನ್ಸ್ ಇರೋದು ಟಸ್ಕನಿಯಲ್ಲಿ. ಯಾವ ಊರಿನವನಾದರೇನು, ಆಲ್ಪ್ಸ್ ಆಚೆಯಿಂದ ಬಂದು ಬಡ್ಡಿಗೆ ಸಾಲ ಕೊಡ್ತಾನಾ, ಹಾಗಾದರೆ ಅವನು ಲೊಂಬಾರ್ಡ್. ಜಾಗದ ಹೆಸರು ಕಸುಬಿನ ಹೆಸರಾಗಿದ್ದು ಹೀಗೆ.

ಆಗಿನ ಚರ್ಚಿನ ಪ್ರಕಾರ ಬಡ್ಡಿ ತಗೊಳ್ಳೋದು ಪಾಪ. 1179ರ ಲ್ಯಾಟೆರನ್ ಸಭೆಯಲ್ಲಿ, ರಾಜಾರೋಷವಾಗಿ ಬಡ್ಡಿ ವ್ಯವಹಾರ ಮಾಡೋನಿಗೆ ಕ್ರೈಸ್ತ ವಿಧಿಯ ಶವಸಂಸ್ಕಾರವೂ ಇಲ್ಲ ಅಂತ ತೀರ್ಮಾನ ಆಯ್ತು. ಪಾಪ ಅಂದ ಮಾತ್ರಕ್ಕೆ ಸಾಲ ಬೇಡವಾಗುತ್ತಾ? ರೈತನಿಗೆ ಬಿತ್ತನೆಗೆ ಬೇಕು, ರಾಜನಿಗೆ ಯುದ್ಧಕ್ಕೆ ಬೇಕು. ಹಾಗಾಗಿ ಬೆಲ್ಜಿಯಂ, ಹಾಲೆಂಡ್ ಕಡೆಯ ದೊರೆಗಳು ಒಂದು ಉಪಾಯ ಮಾಡಿದರು. ಹೊರಗಿನಿಂದ ಬಂದವನಿಗೆ ಲೈಸೆನ್ಸ್ ಕೊಡೋದು, ವರ್ಷಕ್ಕಿಷ್ಟು ಫೀಸು ಕಟ್ಟಿಸಿಕೊಳ್ಳೋದು, ಬಡ್ಡಿಗೆ ಒಂದು ಮಿತಿ ಹಾಕೋದು. ಪಾಪ ಅವನ ತಲೆಗೆ, ಫೀಸು ದೊರೆಯ ಪೆಟ್ಟಿಗೆಗೆ!

ಆ ಮಿತಿ ಸಾಮಾನ್ಯವಾಗಿ ಒಂದು ಪೌಂಡಿಗೆ ವಾರಕ್ಕೆ 2 ಪೆನ್ನಿ. ಕೇಳೋಕೆ ಚಿಲ್ಲರೆ ಅನ್ನಿಸುತ್ತೆ. ಲೆಕ್ಕ ಹಾಕಿ: ಪೌಂಡಿಗೆ 240 ಪೆನ್ನಿ, ವರ್ಷಕ್ಕೆ 52 ವಾರ, ಒಟ್ಟು 104 ಪೆನ್ನಿ ಬಡ್ಡಿ. ಅಂದರೆ ವರ್ಷಕ್ಕೆ ಶೇಕಡಾ 43ಕ್ಕೂ ಮೇಲೆ! ನಮ್ಮ ಕಡೆ 'ನೂರಕ್ಕೆ ಎರಡು' ಅಂದರೆ ತಿಂಗಳ ಲೆಕ್ಕ, ವರ್ಷಕ್ಕೆ 24. ಅದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಸಾಲ ತಗೊಂಡವನಿಗೆ ಲೊಂಬಾರ್ಡನ ಮುಖ ಕಂಡರೆ ಯಾಕೆ ಆಗ್ತಿರಲಿಲ್ಲ ಅನ್ನೋದು ಗೊತ್ತಾಗುತ್ತೆ. ಸಾಲ ಕೊಟ್ಟವನ ಕಡೆಯ ಲೆಕ್ಕವೂ ಇದೆ. ಲೈಸೆನ್ಸ್ ಫೀಸು ಅವನೇ ಕಟ್ಟಬೇಕು, ದೊರೆ ಕೇಳಿದಾಗ ಕೈಗಡ ಕೊಡಬೇಕು, ಯಾವತ್ತು ಓಡಿಸ್ತಾರೋ ಅನ್ನೋ ಭಯ ಬೇರೆ.

ಓಡಿಸಿದರು ಕೂಡ. ಫ್ರಾನ್ಸಿನಲ್ಲಿ 1277ರಲ್ಲಿ ಲೊಂಬಾರ್ಡರನ್ನೆಲ್ಲ ಹಿಡಿದು ಒಳಗೆ ಹಾಕಿ ದಂಡ ಕಟ್ಟಿಸಿಕೊಂಡು ಬಿಟ್ಟರು. 1291ರಲ್ಲಿ ಮತ್ತೆ ಅದೇ. 1311ರಲ್ಲಿ ದೇಶ ಬಿಟ್ಟು ಹೋಗಿ ಅಂತ ಆಜ್ಞೆ. ಇದೇ ಕಾಲದಲ್ಲಿ ಬಡ್ಡಿ ವ್ಯವಹಾರದಲ್ಲಿದ್ದ ಇನ್ನೊಂದು ಗುಂಪಾದ ಯಹೂದಿಗಳ ಪಾಡು ಇದಕ್ಕಿಂತ ಕೆಟ್ಟದ್ದು. 1290ರಲ್ಲಿ ಇಂಗ್ಲೆಂಡಿನಿಂದ, 1306ರಲ್ಲಿ ಫ್ರಾನ್ಸಿನಿಂದ ಅವರನ್ನೆಲ್ಲ ಹೊರಹಾಕಿದರು.

ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ವೇಲ್ಸ್ ಗೆದ್ದಿದ್ದು ಲುಕ್ಕಾದ ರಿಕ್ಕಾರ್ದಿ ಮನೆತನದ ಸಾಲದಲ್ಲಿ. ಅದಕ್ಕೆ ಬದಲಾಗಿ ಉಣ್ಣೆಯ ರಫ್ತಿನ ಸುಂಕ ವಸೂಲಿ ಮಾಡಿಕೊಳ್ಳೋ ಹಕ್ಕು ಅವರಿಗೆ ಕೊಟ್ಟಿದ್ದ. 1294ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಬಂತು, ಕೇಳಿದಷ್ಟು ದುಡ್ಡು ಕೊಡೋಕೆ ಅವರಿಂದ ಆಗಲಿಲ್ಲ. ರಾಜ ಅವರ ಆಸ್ತಿಯನ್ನೇ ಮುಟ್ಟುಗೋಲು ಹಾಕಿದ. ಆಮೇಲೆ ಫ್ಲಾರೆನ್ಸಿನ ಫ್ರೆಸ್ಕೊಬಾಲ್ದಿಗಳು ಬಂದರು, 1311ರಲ್ಲಿ ಅವರನ್ನೂ ಓಡಿಸಿದರು. ಆಮೇಲೆ ಬಾರ್ದಿ, ಪೆರುಜ್ಜಿ ಮನೆತನಗಳು. ಮೂರನೇ ಎಡ್ವರ್ಡ್ ಸಾಲ ತೀರಿಸದೆ ಕೈಯೆತ್ತಿದ್ದೂ ಸೇರಿ 1340ರ ದಶಕದಲ್ಲಿ ಎರಡೂ ಮುಳುಗಿದವು. ರಾಜನಿಗೆ ಸಾಲ ಕೊಟ್ಟವನ ಗತಿ ಇಷ್ಟೇ ಅಂತ ಗೊತ್ತಿದ್ದೂ ಪ್ರತಿ ಸಲ ಇನ್ನೊಬ್ಬ ಸಿಗ್ತಿದ್ದ ನೋಡಿ!

ಅವರೆಲ್ಲ ಹೋದರು, ಬೀದಿಗಳ ಹೆಸರು ಉಳಿಯಿತು. ಲಂಡನ್ನಿನ ಲೊಂಬಾರ್ಡ್ ಸ್ಟ್ರೀಟ್, ಪ್ಯಾರಿಸ್ಸಿನ ರೂ ದೆ ಲೊಂಬಾರ್, ಬ್ರಸೆಲ್ಸ್‌ನ ರೂ ದ್ಯು ಲೊಂಬಾರ್. ಪ್ಯಾರಿಸ್ಸಿನ ಬೀದಿ ಈಗ ಜಾಜ್ ಸಂಗೀತದ ಕ್ಲಬ್ಬುಗಳಿಗೆ ಹೆಸರುವಾಸಿ. ಲಂಡನ್ನಿನದು ದುಡ್ಡಿನ ಬೀದಿಯಾಗೇ ಬೆಳೆಯಿತು. 1691ರಲ್ಲಿ ಎಡ್ವರ್ಡ್ ಲಾಯ್ಡ್ ತನ್ನ ಕಾಫಿ ಅಂಗಡಿಯನ್ನ ಈ ಬೀದಿಗೆ ಸಾಗಿಸಿದ. ಹಡಗಿನವರು, ಹಡಗಿಗೆ ವಿಮೆ ಮಾಡೋರು ಅಲ್ಲಿ ಸೇರ್ತಿದ್ದರು. ಲಾಯ್ಡ್ಸ್ ಅನ್ನೋ ವಿಮೆಯ ಸಾಮ್ರಾಜ್ಯ ಬೆಳೆದದ್ದು ಅಲ್ಲಿಂದ.

ಗಿರವಿ ಅಂಗಡಿ

ಕಸುಬಿನ ಹೆಸರು ಮುಂದೆ ಅಂಗಡಿಯ ಹೆಸರೂ ಆಯ್ತು. ಡಚ್ ಭಾಷೆಯಲ್ಲಿ 'ಲೊಮ್ಮರ್ಡ್' ಅಂದರೆ ಗಿರವಿ ಅಂಗಡಿ. ಬಡವರನ್ನ ಜಾಸ್ತಿ ಬಡ್ಡಿಯಿಂದ ಕಾಪಾಡೋಕೆ ಆಮ್‌ಸ್ಟರ್‌ಡ್ಯಾಮ್ ನಗರವೇ 1614ರಲ್ಲಿ ಒಂದು ಗಿರವಿ ಬ್ಯಾಂಕ್ ತೆರೆಯಿತು. ಪಕ್ಕದ ಗಲ್ಲಿಗೆ ಇವತ್ತಿಗೂ ಲೊಂಬಾರ್ಡ್ ಹೆಸರಿದೆ. ಡಚ್ಚರ ಮಹಾಕವಿ ವೊಂಡೆಲ್ ಮಗನ ವ್ಯಾಪಾರ ದಿವಾಳಿಯಾಗಿ, 70ರ ವಯಸ್ಸಿನಲ್ಲಿ ಇದೇ ಬ್ಯಾಂಕಿನಲ್ಲಿ ಗುಮಾಸ್ತನಾಗಿ 1658ರಿಂದ 1668ರವರೆಗೆ ದುಡಿದ. ಮಹಾಕವಿ ಕೂತು ಬೇರೆಯವರ ಬಟ್ಟೆಬರೆ, ಪಾತ್ರೆಗಳ ಲೆಕ್ಕ ಬರೀತಿದ್ದ ಅಂತ ನೆನೆಸಿಕೊಂಡರೇ ಒಂಥರಾ ಆಗುತ್ತೆ.

ಪೋಲೆಂಡ್, ರಷ್ಯಾ, ಯುಕ್ರೇನ್‌ಗಳಲ್ಲಿ ಬೋರ್ಡಿನ ಮೇಲೆ 'ಲೊಂಬಾರ್ಡ್' ಅಂತಲೇ ಬರೆದಿರುತ್ತೆ. ಚಿನ್ನ, ಮೊಬೈಲು, ಲ್ಯಾಪ್‌ಟಾಪು ಏನು ಬೇಕಾದರೂ ಅಡ ಇಡಬಹುದು. ಇಟಲಿಯಲ್ಲಿ ಮಾತ್ರ ಗಿರವಿ ಅಂಗಡಿಗೆ ಲೊಂಬಾರ್ಡ್ ಅನ್ನೋದಿಲ್ಲ! ಅಲ್ಲಿ ಅದು 'ಮೊಂತೆ ದಿ ಪಿಯೆತಾ', ಕರುಣೆಯ ರಾಶಿ ಅನ್ನೋ ಥರದ ಅರ್ಥ. ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ 1462ರಲ್ಲಿ ಪೆರುಜಾದಲ್ಲಿ ಇಂಥದ್ದೊಂದು ಶುರುವಾಯ್ತು, ಬಡವರಿಗೆ ಕಡಿಮೆ ಖರ್ಚಿನಲ್ಲಿ ಸಾಲ ಸಿಗಲಿ ಅಂತ. ಖರ್ಚಿಗೆ ಅಂತ ಸ್ವಲ್ಪ ಬಡ್ಡಿ ತಗೊಂಡರೆ ತಪ್ಪಿಲ್ಲ ಅಂತ ಚರ್ಚೇ 1515ರಲ್ಲಿ ಒಪ್ಪಿಕೊಂಡಿತು. ತಮ್ಮೂರಿನಲ್ಲಿ 'ಕರುಣೆ', ಪರದೇಶದಲ್ಲಿ 'ಲೊಂಬಾರ್ಡ್'. ಕೆಲಸ ಎರಡೂ ಕಡೆ ಅದೇ.

ಇಂಗ್ಲಿಷಿನ 'ಲಂಬರ್' ಪದವೂ ಇಲ್ಲಿಂದಲೇ ಬಂತು ಅಂತ ಒಂದು ವಾದ ಇದೆ. ಹಳೇ ಇಂಗ್ಲಿಷಿನಲ್ಲಿ ಗಿರವಿ ಅಂಗಡಿಗೆ ಲಂಬರ್ ಅಂತಿದ್ದರು. ಬಿಡಿಸಿಕೊಳ್ಳದೆ ಉಳಿದ ಸಾಮಾನು ರಾಶಿ ಬೀಳೋ ಜಾಗ. ಅದರಿಂದ ಹಳೇ ಸಾಮಾನಿಗೇ ಲಂಬರ್ ಅನ್ನೋ ಅರ್ಥ ಬಂದು, ಅಮೆರಿಕಾಗೆ ಹೋಗಿ ಮರದ ದಿಮ್ಮಿ ಆಯ್ತು ಅನ್ನೋದು ಆ ವಾದ. ಎಲ್ಲ ಪಂಡಿತರೂ ಒಪ್ಪಲ್ಲ.

ದೊಡ್ಡವರ ಗಿರವಿ

ಬಡವ ಉಂಗುರ ಅಡ ಇಟ್ಟರೆ ಅದು ಗಿರವಿ. ಬ್ಯಾಂಕು ಬಾಂಡ್ ಅಡ ಇಟ್ಟರೆ? ಅದಕ್ಕೂ ಲೊಂಬಾರ್ಡ್ ಅಂತಲೇ ಹೆಸರು. ಜರ್ಮನಿಯ ಬುಂಡೆಸ್‌ಬ್ಯಾಂಕ್ 1998ರ ಕೊನೆಯವರೆಗೂ 'ಲೊಂಬಾರ್ಡ್ ದರ' ಅಂತ ಘೋಷಣೆ ಮಾಡ್ತಿತ್ತು. ಬ್ಯಾಂಕುಗಳಿಗೆ ತುರ್ತಾಗಿ ದುಡ್ಡು ಬೇಕಾದಾಗ ಬಾಂಡುಗಳನ್ನ ಒತ್ತೆ ಇಟ್ಟು ತಗೊಳ್ಳೋ ಸಾಲದ ಬಡ್ಡಿ ಅದು. ಪೋಲೆಂಡ್, ಚೆಕ್ ದೇಶಗಳ ಕೇಂದ್ರ ಬ್ಯಾಂಕುಗಳು ಈಗಲೂ ಅದೇ ಹೆಸರಲ್ಲಿ ದರ ಹೇಳ್ತವೆ. ನಮ್ಮ ರಿಸರ್ವ್ ಬ್ಯಾಂಕ್ 2011ರಲ್ಲಿ ಶುರು ಮಾಡಿದ ಎಂಎಸ್ಎಫ್ ಕೂಡ ಸರಿಸುಮಾರು ಇದೇ: ಸರ್ಕಾರಿ ಬಾಂಡ್ ಅಡ ಇಡಿ, ರೆಪೋಗಿಂತ ಸ್ವಲ್ಪ ಜಾಸ್ತಿ ಬಡ್ಡಿಗೆ ರಾತ್ರೋರಾತ್ರಿ ದುಡ್ಡು ತಗೊಂಡು ಹೋಗಿ.

1873ರಲ್ಲಿ ವಾಲ್ಟರ್ ಬ್ಯಾಜಟ್ ಅನ್ನೋ ಪತ್ರಕರ್ತ 'ಲೊಂಬಾರ್ಡ್ ಸ್ಟ್ರೀಟ್' ಅಂತಲೇ ಒಂದು ಪುಸ್ತಕ ಬರೆದ. ಪೇಟೆಯಲ್ಲಿ ಗಾಬರಿ ಎದ್ದಾಗ ಕೇಂದ್ರ ಬ್ಯಾಂಕು ಕೈ ಬಿಗಿ ಹಿಡಿಯಬಾರದು, ಒಳ್ಳೇ ಒತ್ತೆ ಇಟ್ಟುಕೊಂಡು, ಜಾಸ್ತಿ ಬಡ್ಡಿಗೆ, ಧಾರಾಳವಾಗಿ ಸಾಲ ಕೊಡಬೇಕು ಅಂತ ಅವನ ವಾದ. 2008ರಲ್ಲಿ ಜಗತ್ತಿನ ಬ್ಯಾಂಕುಗಳೆಲ್ಲ ನಡುಗಿದಾಗ ಎಲ್ಲರೂ ಮತ್ತೆ ತಿರುವಿ ಹಾಕಿದ್ದು ಈ ಪುಸ್ತಕವನ್ನ. 13ನೇ ಶತಮಾನದಲ್ಲಿ ಪಾಪ ಅಂತಿದ್ದ ಕೆಲಸ 19ನೇ ಶತಮಾನದ ಹೊತ್ತಿಗೆ ದೇಶ ಉಳಿಸೋ ಸೂತ್ರ ಆಗಿತ್ತು.

ನಮ್ಮ ಬೈಕ್ ಇನ್ಶೂರೆನ್ಸ್ ವಿಷಯ ಬಾಕಿ ಉಳೀತು. 2001ರಲ್ಲಿ ಐಸಿಐಸಿಐ ಜೊತೆ ಸೇರಿ ಆ ಕಂಪನಿ ಶುರು ಮಾಡಿದ್ದು ಕೆನಡಾದ ಫೇರ್‌ಫ್ಯಾಕ್ಸ್. ಅವರ ಕೈಕೆಳಗಿದ್ದ ಒಂದು ವಿಮಾ ಕಂಪನಿಯ ಹೆಸರು ಲೊಂಬಾರ್ಡ್. ಫೇರ್‌ಫ್ಯಾಕ್ಸ್ 2019ರಲ್ಲಿ ತನ್ನ ಪಾಲು ಮಾರಿ ಹೊರಗೆ ಹೋಯ್ತು, ಹೆಸರು ಮಾತ್ರ ನಮ್ಮ ಪಾಲಿಸಿ ಮೇಲೆ ಉಳೀತು.

ಎಲೆಕೋಸು, ಫಿರಂಗಿ, ಪರಂಗಿ

ಸ್ಪೇನಿಗೆ ಹೋಗೋಣ. ಅಲ್ಲಿ 'ಲೊಂಬಾರ್ದಾ' ಅಂದರೆ ಕೆಂಪು ಎಲೆಕೋಸು. ಮ್ಯಾಡ್ರಿಡ್ ಕಡೆ ಕ್ರಿಸ್‌ಮಸ್ ಊಟಕ್ಕೆ ಅದರ ಪಲ್ಯ ಬೇಕೇ ಬೇಕು. ಅದೇ ಪದಕ್ಕೆ ಹಳೇ ಸ್ಪ್ಯಾನಿಷಿನಲ್ಲಿ ಇನ್ನೊಂದು ಅರ್ಥ ಇದೆ: ಕಲ್ಲಿನ ಗುಂಡು ಹಾರಿಸೋ ದೊಡ್ಡ ತೋಪು!

ತೋಪಿಗೂ ತರಕಾರಿಗೂ ಒಂದೇ ಹೆಸರಾ ಅಂತ ನಗಬೇಡಿ. ನಮ್ಮಲ್ಲೂ ಇದೆ. ಲೊಂಬಾರ್ಡರನ್ನ 774ರಲ್ಲಿ ಸೋಲಿಸಿದ ಫ್ರಾಂಕರು ನೆನಪಿದ್ದಾರಲ್ಲ? ಅವರೂ ಇನ್ನೊಂದು ಜರ್ಮಾನಿಕ್ ಬುಡಕಟ್ಟು. ಅರಬ್ಬರು ಯುರೋಪಿನವರಿಗೆಲ್ಲ 'ಫರಂಜ್' ಅಂದರು. ಅದು ಪಾರಸಿಯಲ್ಲಿ 'ಫರಂಗಿ' ಆಗಿ ನಮ್ಮಲ್ಲಿಗೆ ಬಂತು. ಪೋರ್ಚುಗೀಸರು ಬಂದರೆ ಅವರೂ ಪರಂಗಿಯವರೇ. ಅವರು ಅಮೆರಿಕಾದಿಂದ ತಂದ ಪಪ್ಪಾಯಿ ನಮಗೆ ಪರಂಗಿ ಹಣ್ಣು, ಅವರ ತೋಪು ಫಿರಂಗಿ. ಯುದ್ಧದಲ್ಲಿ ಎದುರುಬದುರು ನಿಂತ ಎರಡು ಬುಡಕಟ್ಟುಗಳು. ಒಂದು ಸ್ಪೇನಿನಲ್ಲಿ ತೋಪು ಮತ್ತು ಎಲೆಕೋಸು ಆಯ್ತು, ಇನ್ನೊಂದು ಕನ್ನಡದಲ್ಲಿ ತೋಪು ಮತ್ತು ಪಪ್ಪಾಯಿ ಆಯ್ತು :)

ಇನ್ನೂ ಎರಡು ಅರ್ಥ ಬೇಗ ಹೇಳಿ ಮುಗಿಸ್ತೀನಿ. ಹಳೇ ಹಸ್ತಪ್ರತಿಗಳಲ್ಲಿ ಪ್ಯಾರಾ ಶುರುವಿಗೆ ಕೆಂಪು, ನೀಲಿ ಬಣ್ಣದಲ್ಲಿ ಬರೆಯೋ ದೊಡ್ಡ ದುಂಡು ಅಕ್ಷರಗಳಿಗೆ ಫಾಂಟ್‌ನವರು 'ಲೊಂಬಾರ್ಡಿಕ್' ಅಂತಾರೆ. ಯುರೋಪಿನ ಎಲ್ಲ ಕಡೆ ಅವು ಬಳಕೆಯಲ್ಲಿದ್ದವು, ಹೆಸರು ಮಾತ್ರ ಇವರದ್ದು. ಇನ್ನು 'ಲೊಂಬಾರ್ಡಿ ಪೋಪ್ಲರ್' ಅನ್ನೋ ಕಂಬದಂಥ ನೀಳ ಮರ. ಎಲ್ಲ ಗಂಡು ಮರಗಳೇ. ಬೀಜದಿಂದ ಅಲ್ಲ, ಕಡ್ಡಿ ನೆಟ್ಟು ಬೆಳೆಸೋದು. ಶುದ್ಧ ಕಾಪಿ ಪೇಸ್ಟ್!

ಸ್ವಂತ ಊರಿನಲ್ಲಿ

ಅಷ್ಟು ದಿನ ಬೇರೆಯವರು ಇಟ್ಟ ಅರ್ಥಗಳನ್ನೇ ಹೊತ್ತುಕೊಂಡಿದ್ದ ಪದಕ್ಕೆ ಲೊಂಬಾರ್ಡಿಯವರೇ ಒಂದು ಅರ್ಥ ಕೊಟ್ಟಿದ್ದೂ ಉಂಟು. 1162ರಲ್ಲಿ ಜರ್ಮನ್ ಚಕ್ರವರ್ತಿ ಬಾರ್ಬರೋಸಾ ಮಿಲಾನನ್ನ ನೆಲಸಮ ಮಾಡಿದ. (ಬಾರ್ಬರೋಸಾ ಅಂದರೆ ಕೆಂಪು ಗಡ್ಡ. ಗಡ್ಡ ಈ ಕಥೆಯನ್ನ ಬಿಡೋ ಹಾಗೆ ಕಾಣಲ್ಲ!) 1167ರಲ್ಲಿ ಉತ್ತರ ಇಟಲಿಯ ನಗರಗಳೆಲ್ಲ ಸೇರಿ 'ಲೊಂಬಾರ್ಡ್ ಕೂಟ' ಕಟ್ಟಿಕೊಂಡು, 1176ರಲ್ಲಿ ಲೆನ್ಯಾನೊ ಅನ್ನೋ ಕಡೆ ಅವನನ್ನ ಸೋಲಿಸಿದವು. ಆ ಕೂಟದಲ್ಲಿ ವೆರೋನಾ, ಬೊಲೊನ್ಯಾ ಥರ ಈಗಿನ ಲೊಂಬಾರ್ಡಿಗೆ ಸೇರದ ಊರುಗಳೂ ಇದ್ದವು.

1984ರಲ್ಲಿ ಉಂಬೆರ್ತೊ ಬೊಸ್ಸಿ ಅನ್ನೋ ರಾಜಕಾರಣಿ ಆ ಹೆಸರನ್ನ ಮತ್ತೆ ಎತ್ತಿಕೊಂಡು ಒಂದು ಪಕ್ಷ ಕಟ್ಟಿದರು. ನಮ್ಮ ದುಡಿಮೆಯ ತೆರಿಗೆ ರೋಮಿಗೆ ಹೋಗುತ್ತೆ, ದಕ್ಷಿಣದವರು ಬಂದು ತುಂಬಿಕೊಳ್ತಿದ್ದಾರೆ ಅನ್ನೋದು ಅವರ ದೂರು. ಮುಂದೆ ಅದು 'ಲೇಗಾ ನಾರ್ಡ್' ಆಗಿ, 2018ರ ಚುನಾವಣೆ ಹೊತ್ತಿಗೆ ಬರೀ 'ಲೇಗಾ' ಆಗಿ, ಸಿಟ್ಟು ದಕ್ಷಿಣದವರಿಂದ ಪರದೇಶದವರ ಕಡೆ ತಿರುಗಿತು.

ಆಗಲೇ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ದಕ್ಷಿಣದಲ್ಲೂ ಒಂದು ಲಾಂಗೊಬಾರ್ಡಿಯಾ ಇತ್ತು ಅಂತ. ಉತ್ತರದಲ್ಲಿ ರಾಜ್ಯ ಬಿದ್ದ ಮೇಲೂ ಆ ಹೆಸರನ್ನ ಮೂರು ಶತಮಾನ ಉಳಿಸಿಕೊಂಡವರು ದಕ್ಷಿಣದವರು. ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ಗಡಿ ದಾಟಿ ಬಂದವರ ಹೆಸರೇ, ಗಡಿ ದಾಟಿ ಬರೋರನ್ನ ತಡೀಬೇಕು ಅನ್ನೋರ ಬಾವುಟ ಆಯ್ತು. ಆಲ್ಬೊಯಿನ್ ಎದ್ದು ಬಂದರೆ ಯಾವ ಕ್ಯ್ಯೂನಲ್ಲಿ ನಿಲ್ಲಿಸ್ತಾರೋ!

ನಮ್ಮ ಲೊಂಬಾರ್ಡರು

ಇಷ್ಟೆಲ್ಲ ಓದುತ್ತಾ ನನ್ನ ತಲೆಯಲ್ಲಿ ಒಂದು ಪದ ಓಡ್ತಾನೇ ಇತ್ತು. ಬಹುಶಃ ನಿಮ್ಮ ತಲೆಯಲ್ಲೂ ಓಡಿರುತ್ತೆ. ಮಾರ್ವಾಡಿ.

ಮಾರ್ವಾರ್ ಅನ್ನೋದು ರಾಜಸ್ಥಾನದಲ್ಲಿ ಜೋಧ್‌ಪುರದ ಸುತ್ತಲಿನ ಪ್ರದೇಶ. ನಮ್ಮ ಊರುಗಳಲ್ಲಿ 'ಮಾರ್ವಾಡಿ ಅಂಗಡಿ' ಅಂದರೆ ಮಾತ್ರ ಗಿರವಿ ಅಂಗಡಿ. ಆ ಕಡೆಯಿಂದ ಬಂದವನು ಪ್ಲೈವುಡ್ ಮಾರಲಿ, ಮೊಬೈಲ್ ಕವರ್ ಮಾರಲಿ, ಅವನು ಮಾರ್ವಾಡಿ, ಇಲ್ಲಾ ಸೇಟು. ಬಿರ್ಲಾ ಮನೆತನವನ್ನೂ ಮಾರ್ವಾಡಿ ಅಂತಾರೆ. ಅವರ ಊರು ಪಿಲಾನಿ (ಇಂಜಿನಿಯರುಗಳಿಗೆ ಬೇರೆ ಕಾರಣಕ್ಕೆ ಗೊತ್ತು) ಇರೋದು ಶೇಖಾವಟಿಯಲ್ಲಿ, ಹಳೇ ಜೈಪುರ ಸಂಸ್ಥಾನದಲ್ಲಿ. ಆಸ್ತಿಯವನನ್ನ ಲೊಂಬಾರ್ಡ್ ಅಂದ ಹಾಗೇ ಆಯ್ತು. ಇದೂ ಸಾಲದು ಅಂತ, ಕೈಯಿಂದ ಕಾಸು ಬಿಚ್ಚದ ಗೆಳೆಯನಿಗೂ 'ಒಳ್ಳೇ ಮಾರ್ವಾಡಿ ಥರ ಆಡ್ತೀಯಲ್ಲೋ' ಅಂತೀವಿ.

ಇದು ಹೊಸದೂ ಅಲ್ಲ. ದೆಹಲಿ ಸುಲ್ತಾನರ ಕಾಲದಲ್ಲಿ ಸಾಲ ಕೊಡೋರಿಗೆ 'ಮುಲ್ತಾನಿ' ಅಂತ ಹೆಸರಿತ್ತು. ಬ್ರಿಟಿಷರ ಕಾಲದ ಮುಂಬೈಯಲ್ಲಿ ಹುಂಡಿ ವ್ಯವಹಾರ ಮಾಡ್ತಿದ್ದ ಶಿಕಾರ್‌ಪುರದವರನ್ನ (ನಮ್ಮ ಶಿವಮೊಗ್ಗದ ಶಿಕಾರಿಪುರ ಅಲ್ಲ, ಸಿಂಧ್‌ನದು) ಮುಲ್ತಾನಿಗಳು ಅಂತಲೇ ಕರೀತಿದ್ದರು.

ಬಡ್ಡಿಯಲ್ಲಿ ಸೋತವರ ಸಿಟ್ಟು ಸುಳ್ಳಲ್ಲ. ತಾಯಿಯ ಬಳೆ ಬಿಡಿಸೋಕಾಗದೆ ಹರಾಜಿಗೆ ಹೋದ ಮನೆಗಳು ನಮ್ಮ ಸುತ್ತಲೇ ಇವೆ. ಅದಕ್ಕೇ ಕರ್ನಾಟಕದಲ್ಲಿ 1961ರಲ್ಲೇ ಗಿರವಿದಾರರಿಗೆ ಲೈಸೆನ್ಸಿನ ಕಾನೂನು ಬಂತು, 2004ರಲ್ಲಿ ವಿಪರೀತ ಬಡ್ಡಿಯ ವಿರುದ್ಧ ಇನ್ನೊಂದು. ಮೀಟರ್ ಬಡ್ಡಿ ದಂಧೆ ಮಾಡೋರಲ್ಲಿ ಎಲ್ಲ ಊರಿನವರೂ, ಎಲ್ಲ ಭಾಷೆಯವರೂ ಇದ್ದಾರೆ, ಅಪ್ಪಟ ಕನ್ನಡಿಗರೂ ಇದ್ದಾರೆ. ಆದರೂ ಬೈಗುಳ ಆಗಿದ್ದು ಒಂದು ಪ್ರದೇಶದ ಹೆಸರು. ರಾತ್ರಿ 9ಕ್ಕೆ ಆಸ್ಪತ್ರೆಗೆ ದುಡ್ಡು ಬೇಕಾದಾಗ ಬಾಗಿಲು ತಟ್ಟೋದು ಅವನದೇ, ಬೆಳಿಗ್ಗೆ ಕಟ್ಟೆ ಮೇಲೆ ಕೂತು ಬೈಯೋದೂ ಅವನನ್ನೇ. ಎಡ್ವರ್ಡ್ ರಾಜನೂ ಹೆಚ್ಚುಕಡಿಮೆ ಇಷ್ಟೇ ಮಾಡಿದ್ದು, ಅವನ ಹತ್ತಿರ ಸೈನ್ಯ ಇತ್ತು ಅನ್ನೋದೊಂದೇ ವ್ಯತ್ಯಾಸ.

ಇವತ್ತಿನ ಲೊಂಬಾರ್ಡಿಯ ಒಂದು ವಿಷಯ ಹೇಳಿ ಮುಗಿಸ್ತೀನಿ. ಪೋ ನದಿಯ ಬಯಲಿನಲ್ಲಿ, ಕ್ರೆಮೋನಾ, ಮಾಂತುವಾ ಕಡೆ ದೊಡ್ಡ ದೊಡ್ಡ ಹಸುವಿನ ಕೊಟ್ಟಿಗೆಗಳಿವೆ. ಇಟಲಿಯ ಹೆಸರಾಂತ ಗ್ರಾನಾ ಪದಾನೊ ಚೀಸ್ ಆಗೋದು ಇಲ್ಲಿಯ ಹಾಲಿನಲ್ಲಿ. ಕೊಟ್ಟಿಗೆ ಕೆಲಸಕ್ಕೆ ಅಲ್ಲಿಯ ಹುಡುಗರು ಬರೋದು ನಿಲ್ಲಿಸಿದ ಮೇಲೆ ಅದನ್ನ ಹಿಡಿದು ನಡೆಸ್ತಿರೋರಲ್ಲಿ ಬಹಳ ಜನ ಪಂಜಾಬಿನಿಂದ ಹೋದ ಸಿಖ್ಖರು. 2011ರಲ್ಲಿ ಕ್ರೆಮೋನಾ ಹತ್ತಿರದ ಪೆಸ್ಸಿನಾ ಅನ್ನೋ ಹಳ್ಳಿಯಲ್ಲಿ ಅವರದೊಂದು ದೊಡ್ಡ ಗುರುದ್ವಾರವೂ ಶುರುವಾಯ್ತು.

1400 ವರ್ಷ ಆದ ಮೇಲೆ ಲೊಂಬಾರ್ಡಿಗೆ ಮತ್ತೆ ಉದ್ದ ಗಡ್ಡದವರು ಬಂದಿದ್ದಾರೆ :) ಅವರಿಗೆ ಮುಂದೆ ಅಲ್ಲಿಯವರು ಏನು ಹೆಸರಿಡ್ತಾರೋ, ಆ ಹೆಸರಿಗೆ ಏನು ಅರ್ಥ ಬರುತ್ತೋ.

ನಿಮ್ಮ ಊರಿನ ಕಡೆ ಹೀಗೆ ಜಾಗದ ಹೆಸರು ಕಸುಬಾಗಿ, ಸಾಮಾನಾಗಿ, ಬೈಗುಳವಾಗಿ ಬದಲಾದ ಪದಗಳಿದ್ದರೆ ಕಮೆಂಟಿಸಿ. ನಮ್ಮ ಊರುಗಳ ಹೆಸರು ಬೇರೆ ಕಡೆ ಏನೇನಾಗಿದೆ ಅನ್ನೋದು ಗೊತ್ತಿದ್ದರಂತೂ ಖಂಡಿತ ಹೇಳಿ.